ಆಲು ಅಂದರೆ ಹಾಲು

ನಮ್ಮ ಹಾಸ್ಟೆಲ್ ಅಂದ ಕೂಡಲೇ ನನಗೆ ನೆನಪಾಗುವುದು ರಾತ್ರಿಯ ಮೆಸ್. ಊಟ ಮುಗಿಯುವ ಹೊತ್ತಿಗೆ ಬಡಿಸುವ ಅಣ್ಣ ಜಗ್ ಹಿಡಿದು ಬರುತ್ತಿದ್ದರು. ‘ಆಲು ಬೇಕಾ, ಆಲು?’ ಬೀದರಿನಿಂದ ಬಂದಿದ್ದ ನನ್ನ ರೂಮ್‌ಮೇಟ್ ಮೊದಲ ದಿನ ತಟ್ಟೆ ಮುಂದೆ ಹಿಡಿದ. ಅವನ ಕಡೆ ಆಲೂ ಅಂದರೆ ಆಲೂಗಡ್ಡೆ. ನಾನು ಅವನ ಲೋಟ ಎತ್ತಿ ಮುಂದಿಟ್ಟೆ.

ನಾನು ಮದ್ದೂರು ಕಡೆಯವನು. ನಮ್ಮ ಮನೆಯಲ್ಲಿ ಹಾಲು ಆಲೇ, ಹೂವು ಊವೇ. ಪ್ರೈಮರಿಯಲ್ಲಿ ಹಾಗೆ ಅಂದದ್ದಕ್ಕೆ ಬೆಂಚಿನ ಮೇಲೆ ನಿಂತಿದ್ದೇನೆ. ಆ ನೋವು ಇನ್ನೂ ಹೋಗಿಲ್ಲ.

ಹದಿನೈದು ದಿನದಲ್ಲಿ ರೂಮ್‌ಮೇಟ್ ತಲೆ ಎತ್ತದೆಯೇ ಲೋಟ ಮುಂದೆ ಮಾಡತೊಡಗಿದ. ನನಗೆ ಆಶ್ಚರ್ಯವಾದದ್ದು ಆಮೇಲೆ. ಒಂದು ಭಾನುವಾರ ಅಣ್ಣ ‘ಅಪ್ಪಳ’ ಅಂದರು. ಹಪ್ಪಳವನ್ನು ಹಾಗೆ ಅನ್ನುವುದನ್ನು ಅವನು ಕೇಳಿಯೇ ಇರಲಿಲ್ಲ. ಆದರೂ ತಡವರಿಸದೆ ‘ಎರಡು ಹಾಕ್ರಿ’ ಅಂದ.

ಭಾಷಾವಿಜ್ಞಾನದ ಕ್ಲಾಸಿನಲ್ಲಿ ಇದನ್ನು ಹೇಳಿದೆ. ಮೇಷ್ಟ್ರು ಬೋರ್ಡಿನ ಮೇಲೆ ಪಾಲ್, ಹಾಲು, ಆಲು ಅಂತ ಒಂದರ ಕೆಳಗೊಂದು ಬರೆದರು. ಹಳಗನ್ನಡದ ಪಕಾರವೇ ಹಕಾರವಾಯಿತು, ನಮ್ಮ ಕಡೆ ಅದೂ ಉದುರಿತು. ಆಮೇಲೆ ನಾರಿಸ್, ಮೆಕ್ವೀನ್, ಕಟ್ಲರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿದರು. ಅವರು ಡಚ್ ಮಾತಾಡುವವರಿಗೆ ‘ಫ್’ ಮತ್ತು ‘ಸ್’ ನಡುವಿನ ಒಂದು ಸದ್ದನ್ನು 20 ಪದಗಳ ಕೊನೆಯಲ್ಲಿಟ್ಟು ಕೇಳಿಸಿದರು. ಒಂದು ಗುಂಪಿಗೆ ‘ಫ್’ ಇರಬೇಕಾದ ಪದಗಳಲ್ಲಿ, ಇನ್ನೊಂದಕ್ಕೆ ‘ಸ್’ ಇರಬೇಕಾದ ಪದಗಳಲ್ಲಿ. ಆಮೇಲೆ ಅಂಥ ಸದ್ದನ್ನು ಪದವಿಲ್ಲದೆ ಕೇಳಿಸಿದಾಗ ಮೊದಲ ಗುಂಪಿಗೆ ಅದು ‘ಫ್’ ಅಂತಲೇ ಜಾಸ್ತಿ ಕೇಳಿಸಿತು, ಎರಡನೆಯ ಗುಂಪಿಗೆ ‘ಸ್’ ಅಂತ. ಹೊಸ ಪದಗಳಲ್ಲೂ ಹೀಗೇ ಆಗುತ್ತದೆ ಅಂತ ಇದೇ ಮೂವರು 2006ರಲ್ಲಿ ತೋರಿಸಿದರು. ಕಿವಿಗೆ ಬಿದ್ದ ಉಚ್ಚಾರಗಳನ್ನು ಮನಸ್ಸು ಪದಪದಕ್ಕೂ ಬೇರೆಬೇರೆಯಾಗಿ ಸುಮ್ನೆ ಪೇರಿಸಿಡುತ್ತಿದ್ದರೆ, ಕೇಳದ ಪದಕ್ಕೆ ಆ ಕಲಿಕೆ ಹಬ್ಬುತ್ತಿರಲಿಲ್ಲ, ಅಲ್ವಾ? ಮೇಷ್ಟ್ರು ಡಚ್ ಪದ ಹೇಳುತ್ತಿದ್ದರೆ ನನಗೆ ಕೇಳುತ್ತಿದ್ದದ್ದು ಅಪ್ಪಳ.

ಹಾಗಂತ, ಕೇಳಿದ ದನಿಗಳೂ ಪದದ ಜೊತೆಗೇ ನೆನಪಿನಲ್ಲಿ ಉಳಿಯುತ್ತವೆ ಅನ್ನುವವರಿದ್ದಾರೆ. ಅದೂ ನಿಜವೇ. ‘ಆಲು ಬೇಕಾ’ ಅನ್ನುವ ಮಾತು ನನ್ನ ತಲೆಯೊಳಗೆ ಇವತ್ತಿಗೂ ಆ ಅಣ್ಣನ ದನಿಯಲ್ಲೇ ಇದೆ.

ಎಲ್ಲ ಕಡೆ ಇಷ್ಟು ಸಲೀಸಲ್ಲ. ‘ಮರದ ಮೇಲೆ ಅಕ್ಕಿ ಕೂತದೆ’ ಅಂದರೆ ಅದು ಹಕ್ಕಿ ಅಂತ ಗೊತ್ತಾಗುವುದು ಮರ ಇರುವುದರಿಂದ. ಬರೀ ‘ಅಕ್ಕಿ ನೋಡು’ ಅಂದರೆ ರೂಮ್‌ಮೇಟ್ ನನ್ನ ಮುಖ ನೋಡುತ್ತಿದ್ದ.

ಕಳೆದ ವರ್ಷ ಅವನು ನಮ್ಮೂರಿಗೆ ಬಂದಿದ್ದ. ಅಮ್ಮ ಅಡುಗೆಮನೆಯಿಂದಲೇ ‘ಆಲು ಕುಡೀತೀಯೇನಪ್ಪಾ?’ ಅಂತ ಕೂಗಿದರು.

‘ಹಾಲು ಬ್ಯಾಡ್ರಿ ಅವ್ವಾ, ಚಾ ಸಾಕು’ ಅಂದ, ತನ್ನ ಹಕಾರ ಬಿಡದೆ.