ಚಿನ್ನ ತೆಗೆಯುವವರ ಸಾಲ

ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದ ನನಗೆ ಒಂದು ರೂಢಿ ಉಳಿದುಬಿಟ್ಟಿದೆ. ಯಾವ ಕಂಪನಿಯ ವಾರ್ಷಿಕ ವರದಿ ಸಿಕ್ಕಿದರೂ ಲಾಭ-ನಷ್ಟದ ಪುಟ ದಾಟಿ ಮೊದಲು ನಗದು ಹರಿವಿನ ಪಟ್ಟಿಗೆ ಹೋಗುತ್ತೇನೆ. ಚಿನ್ನದ ಗಣಿ ಕಂಪನಿಯಾದರಂತೂ ಬೇರೆ ದಾರಿಯೇ ಇಲ್ಲ. ಮಾರುವ ಮಾಲಿನ ಬೆಲೆ ಅವರ ಕೈಯಲ್ಲಿಲ್ಲ. ಬಡ್ಡಿ ಕಟ್ಟುವ ದಿನ ಮಾತ್ರ ತಪ್ಪದೆ ಬರುತ್ತದೆ.

ಕೆನಡಾದ ಬ್ಯಾರಿಕ್ ಕಂಪನಿಯ 2012ರ ಲೆಕ್ಕವನ್ನು ನೋಡಿ. ಆ ವರ್ಷ ಚಿನ್ನದ ಸರಾಸರಿ ಬೆಲೆ ಔನ್ಸ್‌ಗೆ 1,669 ಡಾಲರ್. ಅದಕ್ಕೆ ಮೊದಲು ಯಾವ ವರ್ಷದ ಸರಾಸರಿಯೂ ಅಷ್ಟು ಏರಿರಲಿಲ್ಲ. ವಹಿವಾಟಿನಿಂದ 500 ಕೋಟಿ ಡಾಲರಿಗೂ ಹೆಚ್ಚು ನಗದು ಬಂತು. ಗಣಿ, ಯಂತ್ರ, ಕಟ್ಟಡಗಳಿಗೆ ಹೋದದ್ದು 600 ಕೋಟಿಗೂ ಹೆಚ್ಚು! ಇಂಥ ಸುಗ್ಗಿಯ ವರ್ಷದಲ್ಲೇ ಕೈಯಿಂದ ಹಣ ಹಾಕಬೇಕಾಗಿ ಬಂದರೆ, ಬೆಲೆ ಇಳಿದ ವರ್ಷ ಗತಿಯೇನು? ಆಗ ಅವರ ಉತ್ಪಾದನೆ ವರ್ಷಕ್ಕೆ ಸುಮಾರು 74 ಲಕ್ಷ ಔನ್ಸ್. ಬೆಲೆ 100 ಡಾಲರ್ ಇಳಿದರೆ ತೆರಿಗೆಗೆ ಮುನ್ನ 74 ಕೋಟಿ ಡಾಲರ್ ಮಾಯ. ಇದಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಡ.

ಸಾಲ ಬೆಳೆದದ್ದು ಹೇಗೆಂಬುದೂ ವರದಿಗಳಲ್ಲೇ ಇದೆ. 2011ರಲ್ಲಿ ಈಕ್ವಿನಾಕ್ಸ್ ಎಂಬ ತಾಮ್ರದ ಕಂಪನಿಯನ್ನು 700 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು. ಚಿಲಿ-ಅರ್ಜೆಂಟೀನಾ ಗಡಿಯ ಪಾಸ್ಕುವಾ-ಲಾಮಾ ಗಣಿಗೆ 300 ಕೋಟಿ ಸಾಕೆಂದು ಹೊರಟ ಅಂದಾಜು 800 ಕೋಟಿ ದಾಟಿತು. 2013ರಲ್ಲಿ ಚಿನ್ನದ ಬೆಲೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಆ ಅಕ್ಟೋಬರಿನಲ್ಲಿ ಪಾಸ್ಕುವಾ-ಲಾಮಾ ಕೆಲಸ ನಿಲ್ಲಿಸಿ, ಹೊಸ ಷೇರುಗಳನ್ನು 18.35 ಡಾಲರಿಗೆ ಮಾರಿ 300 ಕೋಟಿ ಎತ್ತಬೇಕಾಯಿತು. ಅದೇ ಷೇರು 2011ರಲ್ಲಿ 50 ಡಾಲರ್ ಮೀರಿತ್ತು. ಹಳೆಯ ಷೇರುದಾರರ ಪಾಲು ಹೀಗೆ ಕರಗಿದ್ದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಗಣಿ ಕಂಪನಿಗಳು ಹೆಮ್ಮೆಯಿಂದ ಮುಂದಿಡುವ ಒಂದು ಅಂಕಿಯಿದೆ: ಆಲ್-ಇನ್ ಸಸ್ಟೇನಿಂಗ್ ಕಾಸ್ಟ್. ಒಂದು ಔನ್ಸ್ ತೆಗೆದು, ಈಗಿರುವ ಗಣಿಯನ್ನು ನಡೆಸಿಕೊಂಡು ಹೋಗಲು ತಗಲುವ ವೆಚ್ಚ ಇದು. ವಿಶ್ವ ಚಿನ್ನ ಮಂಡಳಿ 2013ರಲ್ಲಿ ಇದಕ್ಕೊಂದು ಮಾದರಿ ಹಾಕಿಕೊಟ್ಟದ್ದು ಒಳ್ಳೆಯದೇ ಆಯಿತು. ಆದರೆ ಸಾಲದ ಬಡ್ಡಿ, ಆದಾಯ ತೆರಿಗೆ, ಹೊಸ ಗಣಿಯ ಖರ್ಚು ಇದರೊಳಗಿಲ್ಲ. ಮಾರಾಟದ ಬೆಲೆಯಿಂದ ಇದನ್ನು ಕಳೆದು ಉಳಿದದ್ದೆಲ್ಲ ಷೇರುದಾರನಿಗೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಸ್ಟ್ರೀಮಿಂಗ್ ಒಪ್ಪಂದಗಳ ಮೇಲೂ ಕಣ್ಣಿರಲಿ. 2015ರಲ್ಲಿ ಪ್ಯುಬ್ಲೊ ವಿಯೆಹೊ ಗಣಿಯ ಮುಂದಿನ ಚಿನ್ನ, ಬೆಳ್ಳಿಯಲ್ಲಿ ಒಂದು ಪಾಲಿಗಾಗಿ ರಾಯಲ್ ಗೋಲ್ಡ್ ಸಂಸ್ಥೆ ಬ್ಯಾರಿಕ್‌ಗೆ 61 ಕೋಟಿ ಡಾಲರ್ ಮುಂಗಡ ಕೊಟ್ಟಿತು. ಅಡಕೆ ಮರದಲ್ಲಿರುವಾಗಲೇ ಫಸಲು ಮಾರಿ ಮುಂಗಡ ತಂದಂತೆ. ಇಂಥ ಹಣ ಸಾಲದ ಸಾಲಿನಲ್ಲಿ ಕಾಣುವುದಿಲ್ಲ. ನಾನು ಮಾತ್ರ ಸಾಲಕ್ಕೇ ಸೇರಿಸಿಕೊಳ್ಳುತ್ತೇನೆ.

ಆದರೂ ಬ್ಯಾರಿಕ್ ಮುಳುಗಲಿಲ್ಲ. 2014ರ ಕೊನೆಗೆ 1,310 ಕೋಟಿ ಡಾಲರ್ ಇದ್ದ ಸಾಲ ಒಂದೇ ವರ್ಷದಲ್ಲಿ ಸುಮಾರು 1,000 ಕೋಟಿಗೆ ಇಳಿಯಿತು. ಆಸ್ಟ್ರೇಲಿಯಾದ ಕೋವಲ್ ಗಣಿಯನ್ನು ಮಾರಿದರು, ಚಿಲಿಯ ಸಾಲ್ದಿವಾರ್‌ನ ಅರ್ಧ ಪಾಲು ಬಿಟ್ಟುಕೊಟ್ಟರು, ಲಾಭಾಂಶವನ್ನೂ ಕತ್ತರಿಸಿದರು. ಅವರಿಗೆ ಉಸಿರಾಡಲು ಬಿಟ್ಟದ್ದು ಮರುಪಾವತಿಯ ಅವಧಿ: ಉಳಿದ ಸಾಲದ ಸುಮಾರು ಅರ್ಧ ತೀರಬೇಕಿದ್ದದ್ದು 2032ರ ನಂತರ. ಹಾಗಾಗಿ ಒಟ್ಟು ಸಾಲ ಎಷ್ಟು ಎಂದು ಕೇಳುವ ಮೊದಲು, ಮುಂದಿನ ಮೂರು ವರ್ಷದಲ್ಲಿ ಕಟ್ಟಬೇಕಾದದ್ದು ಎಷ್ಟು ಎಂದು ಟಿಪ್ಪಣಿಗಳಲ್ಲಿ ಹುಡುಕುತ್ತೇನೆ.

2025ರಲ್ಲಿ ಚಿನ್ನ ಔನ್ಸ್‌ಗೆ 4,000 ಡಾಲರ್ ದಾಟಿತು. ಈ ಬೆಲೆಯಲ್ಲಿ ಯಾವ ಗಣಿ ಕಂಪನಿಯ ನಗದು ಪಟ್ಟಿಯಾದರೂ ಸೊಗಸಾಗಿಯೇ ಕಾಣುತ್ತದೆ. ನಾನು 2,000 ಡಾಲರ್ ಇಟ್ಟು, ಬಡ್ಡಿ, ತೆರಿಗೆ, ಗಣಿಯ ಖರ್ಚು ಎಲ್ಲ ಕಳೆದು ನೋಡುತ್ತಿದ್ದೇನೆ. ಅಲ್ಲೂ ಒಂದಿಷ್ಟು ಉಳಿದರೆ ಮಾತ್ರ ಆ ಕಂಪನಿಯ ಮುಂದಿನ ಪುಟ ತಿರುಗಿಸುತ್ತೇನೆ.