ಕಾಡುದಾರಿಗೆ ಯಾವ ಗರಗಸ ಒಯ್ಯಬೇಕು?

ಸೊಂಟದಲ್ಲಿ ಮಡಚುವ ಗರಗಸ ಸಿಕ್ಕಿಸಿಕೊಂಡು ನಾನು ತೋಟ ಸುತ್ತುವುದನ್ನು ಕಂಡವರು ಕೇಳುವ ಪ್ರಶ್ನೆ ಒಂದೇ: ಬೆನ್ನಿಗೆ ಭಾರವಾಗದ, ಆದರೆ ಕೆಲಸಕ್ಕೆ ಬರುವ ಗರಗಸ ಯಾವುದು? ತಡಿಯಂಡಮೋಳ್ ಬೆಟ್ಟ ಹತ್ತಲು ಹೊರಟ ಹುಡುಗರು ಕೇಳುತ್ತಾರೆ. ಪರವಾನಗಿ ಪಡೆದು ಬೇಟೆಯಾಡಬಹುದಾದ ದೇಶಗಳಲ್ಲಿ ನೆಲೆಸಿರುವ ನೆಂಟರೂ ಕೇಳುತ್ತಾರೆ.

ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುವ ಕೊಡಗಿನಲ್ಲಿ ಬೇಟೆಯ ಮಾತು ಸಹಜವೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಲ್ಲಿ ಬೇಟೆ ಅಪರಾಧ, ಅದು ಹಾಗೆಯೇ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅರಣ್ಯದೊಳಗೆ ಮರ ಕಡಿಯುವುದೂ ಸಲ್ಲದು. ನಮ್ಮಲ್ಲಿ ಗರಗಸ ಬೇಕಾಗುವುದು ಸ್ವಂತ ತೋಟದಲ್ಲಿ, ಮಳೆಗಾಲದಲ್ಲಿ ದಾರಿಗೆ ಅಡ್ಡಬಿದ್ದ ಕೊಂಬೆಗೆ ಮತ್ತು ಮರಗಸಿಯ (ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸದ) ವೇಳೆ ಉಳಿದುಹೋದ ಸಣ್ಣಪುಟ್ಟ ರೆಂಬೆಗಳಿಗೆ.

ನನ್ನ ಉತ್ತರ: ಎಳೆದಾಗ ಕೊಯ್ಯುವ, 17ರಿಂದ 21 ಸೆಂಟಿಮೀಟರ್ ಅಲಗಿನ, ದೊಡ್ಡ ಹಲ್ಲಿನ ಮಡಚುವ ಗರಗಸ. ತಳ್ಳಿ ಕೊಯ್ಯುವ ಅಲಗು ಬಾಗದಿರಲು ದಪ್ಪವಾಗಿರಬೇಕಾಗುತ್ತದೆ. ಎಳೆಯುವಾಗ ಅಲಗು ಬಿಗಿಯಾಗಿ ನೆಟ್ಟಗೆ ನಿಲ್ಲುವುದರಿಂದ ಅದನ್ನು ತೆಳ್ಳಗೆ ಮಾಡಬಹುದು, ಆದ್ದರಿಂದಲೇ ತೂಕವೂ ಶ್ರಮವೂ ಕಡಿಮೆ. ಬಾಕೋ ಲ್ಯಾಪ್ಲಾಂಡರ್‌ನ ಅಲಗು 190 ಮಿಲಿಮೀಟರ್, ಇಂಚಿಗೆ 7 ಹಲ್ಲು, ತೂಕ ಸುಮಾರು 200 ಗ್ರಾಂ. ಜಪಾನಿನ ಸಿಲ್ಕಿ ಪಾಕೆಟ್‌ಬಾಯ್ ಅದಕ್ಕಿಂತ ಗಿಡ್ಡ, 170 ಮಿಲಿಮೀಟರ್. ಅಲಗಿನ ಅರ್ಧದಷ್ಟು ದಪ್ಪದ ಕೊಂಬೆಯವರೆಗೆ ಇವು ಸಲೀಸಾಗಿ ಕೊಯ್ಯುತ್ತವೆ.

ಹಲ್ಲಿನ ಗಾತ್ರವನ್ನು ಮಾತ್ರ ಕಡೆಗಣಿಸಬೇಡಿ. ಹಾಲವಾಣದ ಹಸಿ, ಮೆತ್ತನೆಯ ಮರಕ್ಕೆ ಸಣ್ಣ ಹಲ್ಲಿನ ಅಲಗನ್ನು ಹಾಕಿದರೆ ಒದ್ದೆ ಪುಡಿ ಹಲ್ಲುಗಳ ಸಂದಿನಲ್ಲಿ ತುಂಬಿ, ನಾಲ್ಕೆಳೆತದೊಳಗೆ ಗರಗಸ ಬರೀ ಜಾರತೊಡಗುತ್ತದೆ. ಬೇಟೆಯ ಪ್ರಾಣಿಯ ಮೂಳೆಗೆ ಬೇಕಾದದ್ದು ಸಣ್ಣ ಹಲ್ಲು. ಆದ್ದರಿಂದ ನೆಂಟರಿಗೆ ನಾನು ಹೇಳುವುದು, ಮಾಂಸಕ್ಕೆ ಬೇರೆ ಅಲಗು ಇಟ್ಟುಕೊಳ್ಳಿ, ಮರದ ಅಂಟು ಹಿಡಿದ ಅಲಗನ್ನು ಅದಕ್ಕೆ ಮುಟ್ಟಿಸಬೇಡಿ. ತೂಕ ಉಳಿಯುತ್ತದೆಂದು ತಂತಿ ಗರಗಸ ಕೊಳ್ಳುವವರಿದ್ದಾರೆ. ಅದಕ್ಕೆ ಎರಡೂ ಕೈ ಬೇಕು, ತುಸು ಮಡಿಕೆ ಬಿದ್ದರೂ ತುಂಡಾಗುತ್ತದೆ.

ಕೊಳ್ಳುವಾಗ ಬಿಡಿಸಿದ ಅಲಗನ್ನು ಹಿಡಿದು ಅತ್ತಿತ್ತ ಅಲುಗಿಸಿ ನೋಡಿ. ಬೀಗ ಸಡಿಲವಾಗಿದ್ದರೆ ಎಷ್ಟೇ ಹಗುರವಿದ್ದರೂ ಬೇಡ, ಬೆರಳ ಮೇಲೆ ಮಡಚಿಕೊಳ್ಳುವ ಗರಗಸ ಅದು. ಹಲ್ಲಿನ ತುದಿ ಕಪ್ಪಾಗಿದ್ದರೆ ಅದು ಕಾಯಿಸಿ ಗಡುಸುಗೊಳಿಸಿದ್ದು, ಬಹುಕಾಲ ಹರಿತ ಉಳಿಯುತ್ತದೆ, ಆದರೆ ಅರದಿಂದ ಮಸೆಯಲಾಗದು. ಬಿಡಿ ಅಲಗು ಸಿಗುವುದೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ.

ಹೋದ ಮಳೆಗಾಲದಲ್ಲಿ ಜೀಪು ದಾರಿಗೆ ಸಿಲ್ವರ್ ಓಕ್ ಕೊಂಬೆಯೊಂದು ಎರಡು ಬದಿಯ ದಿಬ್ಬಗಳ ಮೇಲೆ ಸೇತುವೆಯಂತೆ ಬಿದ್ದಿತ್ತು. ಅವಸರದಲ್ಲಿ ಮೇಲಿನಿಂದಲೇ ಕೊಯ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಕೊಂಬೆ ಕುಸಿದು ಅಲಗನ್ನು ಕಚ್ಚಿಕೊಂಡಿತು, ತಳ್ಳಿ ಬಿಡಿಸಹೋದಾಗ ಅಲಗು ಬಾಗಿತು. ಹಾಗೆ ಬಿದ್ದ ಕೊಂಬೆಗೆ ಮೇಲೆ ತುಸುವೇ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು.

ನಮ್ಮ ಮಳೆಗೆ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಹಲಸಿನ ಮೇಣ ಅಂಟಿದ್ದರೆ ತೆಂಗಿನೆಣ್ಣೆ ಸವರಿದ ಬಟ್ಟೆಯಿಂದ ಹಲ್ಲಿನ ಬುಡದಿಂದ ತುದಿಯ ಕಡೆಗೆ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮಡಚಿಡಿ.