ಲೂಪ್ ಓಕೆ ಅಂದ್ರು, ಆದ್ರೂ ಕಾಲ್ ಯಾಕೆ ಹೋಗ್ತಿಲ್ಲ?

ಪಿಆರ್‌ಐ ಲೈನ್ (ಒಂದೇ ಲೈನಿನಲ್ಲಿ 30 ಮಾತು ಸಾಗಿಸುವ ಡಿಜಿಟಲ್ ಫೋನ್ ಲೈನ್) ಇರುವ ಆಫೀಸುಗಳಲ್ಲಿ ಫೋನ್ ನೋಡಿಕೊಳ್ಳುವವರೂ, ಟ್ರಾನ್ಸ್‌ಮಿಷನ್ ಕೆಲಸಕ್ಕೆ ಹೊಸದಾಗಿ ಸೇರಿದವರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಲೂಪ್ ಹಾಕಿ ನೋಡಿದ್ರು, ಲೈನ್ ಸರಿ ಇದೆ ಅಂದ್ರು. ಲೂಪ್ ತೆಗೆದು ಇಪಿಎಬಿಎಕ್ಸ್‌ಗೆ (ಆಫೀಸಿನ ಸ್ವಂತ ಫೋನ್ ಎಕ್ಸ್‌ಚೇಂಜ್‌ಗೆ) ಹಾಕಿದ್ರೆ ಕಾಲ್ ಹೋಗಲ್ಲ. ಹಾಗಾದ್ರೆ ಲೂಪ್ ಟೆಸ್ಟ್ ಸುಳ್ಳಾ?"

ಸುಳ್ಳಲ್ಲ. ನೀವು ಕಳಿಸಿದ ಬಿಟ್‌ಗಳು ಲೂಪ್ ಇರುವ ಜಾಗದವರೆಗೆ ಹೋಗಿ ಹಾಗೇ ವಾಪಸ್ ಬಂದವು, ಲೂಪ್ ಹೇಳುವುದು ಇಷ್ಟೇ. ಉಳಿದದ್ದನ್ನು ನಾವೇ ಸೇರಿಸಿಕೊಳ್ಳುತ್ತೇವೆ.

ನಮ್ಮಲ್ಲಿ ಪಿಆರ್‌ಐ ಬರುವುದು ಇ1 ಮೇಲೆ. ಸೆಕೆಂಡಿಗೆ 20,48,000 ಬಿಟ್, 32 ಟೈಮ್‌ಸ್ಲಾಟ್. ಈ 32 ಸ್ಲಾಟ್‌ಗಳ ಒಂದು ಸುತ್ತೇ ಒಂದು ಫ್ರೇಮ್. ಅದರಲ್ಲಿ 30 ಸ್ಲಾಟ್ ಮಾತಿಗೆ, ಒಂದು ಸ್ಲಾಟ್ ಫ್ರೇಮ್ ಹೊಂದಿಸಲು, 16ನೆಯದು ಸಿಗ್ನಲಿಂಗ್‌ಗೆ, ಅಂದರೆ ಕಾಲ್ ಜೋಡಿಸುವ, ಮುಗಿಸುವ ಸಂದೇಶಗಳಿಗೆ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಲೂಪ್ ಅಂದರೆ ಇವೆರಡನ್ನೂ ಒಂದು ಜಾಗದಲ್ಲಿ ಸೇರಿಸುವುದು. ಕೊಆಕ್ಸ್ ಆದರೆ ಎರಡು ತುದಿಗೂ ಬಿಎನ್‌ಸಿ ಕನೆಕ್ಟರ್ ಇರುವ ಗೇಣುದ್ದದ ಕೇಬಲ್, ಕ್ರೋನ್ (ತಂತಿಗಳನ್ನು ಒತ್ತಿ ಜೋಡಿಸುವ ಪಟ್ಟಿ) ಆದರೆ ಎರಡು ತುಂಡು ಜಂಪರ್ ವೈರ್. ಈಚೆ ಕಡೆ ಬಿಇಆರ್ ಟೆಸ್ಟರ್ (ತಪ್ಪಾದ ಬಿಟ್ ಎಣಿಸುವ ಉಪಕರಣ) ಒಂದು ಗೊತ್ತಿರುವ ಪ್ಯಾಟರ್ನ್ ಕಳಿಸುತ್ತದೆ, ವಾಪಸ್ ಬಂದದ್ದನ್ನು ಬಿಟ್ ಬಿಟ್ ಹೋಲಿಸುತ್ತದೆ. 15 ನಿಮಿಷ ಓಡಿಸಿದರೆ 184 ಕೋಟಿ ಬಿಟ್ ದಾಟಿರುತ್ತವೆ. ಒಂದೂ ತಪ್ಪಿಲ್ಲ ಅಂದರೆ ಆ ತಂತಿಯನ್ನು ನಂಬಬಹುದು. ಒಂದೇ ನಿಮಿಷ ನೋಡಿ "ಓಕೆ ಸಾರ್" ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಆಗೊಮ್ಮೆ ಈಗೊಮ್ಮೆ ಬರುವ ಎರರ್ ಆ ಒಂದು ನಿಮಿಷದಲ್ಲೇ ಬರಬೇಕು ಅಂತೇನಿಲ್ಲ.

ಇಲ್ಲಿ ಮೊದಲು ಕೇಳಬೇಕಾದ್ದು: ಲೂಪ್ ನಿಜವಾಗಿ ಎಲ್ಲಿದೆ? ನೀವು ಗಿರಾಕಿಯ ಮೋಡೆಮ್ ಹತ್ತಿರ ಇದೆ ಅಂದುಕೊಂಡಿರುತ್ತೀರಿ. ಹಿಂದಿನ ವಾರ ಯಾರೋ ಎಕ್ಸ್‌ಚೇಂಜ್‌ನ ಡಿಡಿಎಫ್‌ನಲ್ಲೇ (ಲೈನ್‌ಗಳನ್ನು ಜೋಡಿಸುವ ಚೌಕಟ್ಟಿನಲ್ಲೇ) ಹಾಕಿದ ಲೂಪ್ ಹಾಗೇ ಉಳಿದಿದ್ದರೆ? ಟೆಸ್ಟರ್ ಮೇಲೆ ಸೊನ್ನೆ ಎರರ್, ಎಲ್ಲ ಹಸಿರು. ಆದರೆ ಬಿಟ್‌ಗಳು ಆ ಕಟ್ಟಡ ಬಿಟ್ಟು ಹೊರಗೇ ಹೋಗಿಲ್ಲ. ಅದಕ್ಕೇ ನಾನು ಆ ತುದಿಯಲ್ಲಿ ಇರುವವರನ್ನು ಫೋನ್‌ನಲ್ಲೇ ಹಿಡಿದಿಟ್ಟುಕೊಳ್ಳುತ್ತೇನೆ. "ಲೂಪ್ ತೆಗೀರಿ." ತಕ್ಷಣ ಪ್ಯಾಟರ್ನ್ ಕಳೆದುಹೋಗಿ ಕೆಂಪು ಬರಬೇಕು. "ಹಾಕಿ." ಮತ್ತೆ ಸಿಂಕ್ ಆಗಬೇಕು. ತೆಗೆದಾಗ ಕೆಂಪು ಬರಲಿಲ್ಲ ಅಂದರೆ ಆ ಲೂಪ್‌ನಿಂದ ಬಂದ ಉತ್ತರ ಇದಲ್ಲ. ಟೆಸ್ಟರ್‌ನಲ್ಲಿ ಎರರ್ ಇನ್ಸರ್ಟ್ ಬಟನ್ ಇರುತ್ತದೆ, ಅದನ್ನೂ ಒಮ್ಮೆ ಒತ್ತಿ. ಒಂದು ಒತ್ತಿದರೆ ಒಂದೇ ಎರರ್ ಎಣಿಕೆಯಾಗಬೇಕು. ತೆಗೆದು ನೋಡದ ಲೂಪ್ ಟೆಸ್ಟನ್ನು ನಾನು ಟೆಸ್ಟ್ ಅಂತಲೇ ಲೆಕ್ಕಕ್ಕೆ ತಗೊಳ್ಳೋದಿಲ್ಲ.

ಲೂಪ್ ಸರಿಯಾದ ಜಾಗದಲ್ಲೇ ಇದೆ, 15 ನಿಮಿಷ ಕ್ಲೀನ್ ಇದೆ, ಆದರೂ ಕಾಲ್ ಇಲ್ಲ ಅಂದಾಗ ಮೊದಲು ನೋಡಬೇಕಾದ್ದು ಟಿಎಕ್ಸ್-ಆರ್‌ಎಕ್ಸ್ (ಕಳಿಸುವ ಜೋಡಿ, ಪಡೆಯುವ ಜೋಡಿ) ಅದಲುಬದಲು. ಎರಡು ಜೋಡಿಯನ್ನೂ ಒಂದಕ್ಕೊಂದು ಸೇರಿಸಿಬಿಟ್ಟಾಗ ಯಾವುದು ಹೋಗುವುದು, ಯಾವುದು ಬರುವುದು ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ. ಜೋಡಿಗಳು ಅದಲುಬದಲಾಗಿದ್ದರೂ ಲೂಪ್ ಪಾಸ್ ಆಗುತ್ತದೆ. ಇಪಿಎಬಿಎಕ್ಸ್‌ಗೆ ಹಾಕಿದ ತಕ್ಷಣ ಎಲ್‌ಓಎಸ್, ಅಂದರೆ ಸಿಗ್ನಲ್ಲೇ ಬರ್ತಿಲ್ಲ ಅನ್ನುವ ಅಲಾರಂ. ಆಮೇಲೆ "ನಿಮ್ಮ ಲೈನೇ ಸರಿ ಇಲ್ಲ", "ನಿಮ್ಮ ಮಶೀನೇ ಸರಿ ಇಲ್ಲ" ಅಂತ ಎರಡೂ ಕಡೆ ಜಗಳ. ಲೂಪ್ ಬಿಚ್ಚಿ, ಎಕ್ಸ್‌ಚೇಂಜ್ ಸಿಗ್ನಲ್ ಯಾವ ಜೋಡಿಯಲ್ಲಿ ಬರ್ತಿದೆ ಅಂತ ಟೆಸ್ಟರ್‌ನಲ್ಲಿ ನೋಡಿ. ಅದೇ ಇಪಿಎಬಿಎಕ್ಸ್‌ನ ಆರ್‌ಎಕ್ಸ್‌ಗೆ ಹೋಗಬೇಕು. ಎರಡು ನಿಮಿಷದ ಕೆಲಸ.

ಎರಡನೆಯದು ಕ್ಲಾಕ್, ಅಂದರೆ ಬಿಟ್‌ಗಳು ಯಾವ ವೇಗದಲ್ಲಿ ಹೋಗಬೇಕು ಅಂತ ಹೇಳುವ ತಾಳ. ಲೂಪ್‌ನಲ್ಲಿ ನಿಮಗೆ ವಾಪಸ್ ಬರುವುದು ನಿಮ್ಮದೇ ಕ್ಲಾಕ್, ಹಾಗಾಗಿ ವ್ಯತ್ಯಾಸ ಕಾಣುವುದಿಲ್ಲ. ಇಪಿಎಬಿಎಕ್ಸ್ ಲೈನ್‌ನಿಂದ ಕ್ಲಾಕ್ ತಗೊಳ್ಳದೆ ತನ್ನ ಸ್ವಂತ ಕ್ಲಾಕ್ ಮೇಲೆ ಓಡುತ್ತಿದ್ದರೆ ಕಥೆ ಬೇರೆ. ಒಂದು ಫ್ರೇಮ್ 125 ಮೈಕ್ರೋಸೆಕೆಂಡ್. ಎರಡು ಕ್ಲಾಕ್‌ಗಳ ನಡುವೆ ಹತ್ತು ಲಕ್ಷಕ್ಕೆ 10ರಷ್ಟು ವ್ಯತ್ಯಾಸ ಇದ್ದರೆ ಪ್ರತಿ ಹನ್ನೆರಡೂವರೆ ಸೆಕೆಂಡಿಗೆ ಒಂದು ಫ್ರೇಮ್ ಬಿಟ್ಟುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಮಾತಿನಲ್ಲಿ ಅದು ಸಣ್ಣ ಟಿಕ್ ಸದ್ದು, ಜನ ಗಮನಿಸುವುದೂ ಇಲ್ಲ. ಫ್ಯಾಕ್ಸ್ ಮಾತ್ರ ಅರ್ಧಕ್ಕೇ ಕಟ್ ಆಗುತ್ತದೆ. "ಮಾತು ಚೆನ್ನಾಗಿದೆ, ಫ್ಯಾಕ್ಸ್ ಹೋಗ್ತಿಲ್ಲ" ಅಂದರೆ ನಾನು ಮೊದಲು ಕ್ಲಾಕ್ ಸೆಟ್ಟಿಂಗ್ ಕೇಳುತ್ತೇನೆ.

ಸಿಆರ್‌ಸಿ4 (ಫ್ರೇಮ್‌ಗಳಲ್ಲಿ ತಪ್ಪು ಹಿಡಿಯುವ ತಪಾಸಣೆ) ಸೆಟ್ಟಿಂಗ್‌ನದೂ ಇದೇ ಕಥೆ. ಒಂದು ಕಡೆ ಆನ್, ಇನ್ನೊಂದು ಕಡೆ ಆಫ್ ಇದ್ದರೆ ತೊಂದರೆ. ಆದರೆ ಲೂಪ್‌ನಲ್ಲಿ ಎಕ್ಸ್‌ಚೇಂಜ್ ನೋಡುವುದು ತನ್ನದೇ ಫ್ರೇಮನ್ನು. ಅದು ಹೊಂದದೆ ಇನ್ನೇನು? ಡಿ ಚಾನಲ್, ಅಂದರೆ ಆ 16ನೆಯ ಸಿಗ್ನಲಿಂಗ್ ಸ್ಲಾಟ್, ಮಾತ್ರ ಉಲ್ಟಾ. ಲೂಪ್ ಹಾಕಿದಾಗ ಅಲಾರಂ ಹೋದರೂ ಡಿ ಚಾನಲ್ ಡೌನ್ ಅಂತಲೇ ತೋರಿಸುತ್ತದೆ. ಆ ಕಡೆ ಗಿರಾಕಿ ಇರಬೇಕಾದ ಜಾಗದಲ್ಲಿ ಎಕ್ಸ್‌ಚೇಂಜ್‌ಗೆ ತನ್ನದೇ ಸಂದೇಶ ವಾಪಸ್ ಬರ್ತಿದೆ, ಎದ್ದೇಳುವುದು ಹೇಗೆ? ಅದನ್ನು ಫಾಲ್ಟ್ ಅಂತ ಬುಕ್ ಮಾಡಬೇಡಿ.

ಎರರ್ ಬಂದರೆ ಅದು ಹೋಗುವಾಗ ಆಯ್ತೋ ಬರುವಾಗ ಆಯ್ತೋ ಅಂತ ಲೂಪ್ ಹೇಳುವುದಿಲ್ಲ. ಅದಕ್ಕೆ ಎರಡು ತುದಿಯಲ್ಲೂ ಟೆಸ್ಟರ್ ಬೇಕು. ಪ್ಯಾಟರ್ನ್ ಬದಲು ಎಐಎಸ್, ಅಂದರೆ ಬರೀ ಒಂದುಗಳೇ ಬರ್ತಿದ್ದರೆ ಬೇಜಾರು ಬೇಡ, ಅದು ಒಳ್ಳೆಯ ಸುಳಿವು. ನಡುವಿನ ಯಾವುದೋ ಉಪಕರಣಕ್ಕೆ ಆಚೆ ಕಡೆಯಿಂದ ಸಿಗ್ನಲ್ ಬರ್ತಿಲ್ಲ, ಅದನ್ನು ಅದು ನಿಮಗೆ ತಿಳಿಸ್ತಿದೆ. ಅಲ್ಲಿಂದ ನಿಮ್ಮವರೆಗೆ ಬರುವ ದಾರಿ ಜೀವಂತ ಇದೆ, ಹುಡುಕಬೇಕಾದ್ದು ಅದರಾಚೆ.

ಅಮೆರಿಕದ ಟಿ1 ಲೈನ್‌ಗಳಲ್ಲಿ 00001 ಅನ್ನುವ ಕೋಡನ್ನು 5 ಸೆಕೆಂಡ್ ಸತತವಾಗಿ ಕಳಿಸಿದರೆ ಆ ತುದಿಯ ಉಪಕರಣ ತಾನೇ ಲೂಪ್ ಆಗುತ್ತದೆ, 001 ಕಳಿಸಿದರೆ ಬಿಚ್ಚಿಕೊಳ್ಳುತ್ತದೆ. ನಮ್ಮ ಇ1ನಲ್ಲಿ ಜಾಸ್ತಿ ಸಲ ಮೋಡೆಮ್‌ನ ಮೆನುವಿನಿಂದ, ಇಲ್ಲವೇ ಯಾರಾದರೂ ಅಲ್ಲಿಗೆ ಹೋಗಿ ಕೈಯಲ್ಲೇ ಹಾಕಬೇಕು. ಲೂಪ್ ಹಾಕಿದ ಕ್ಷಣ ಆ ಲೈನ್‌ನ 30 ಮಾತೂ ಕಟ್ ಆಗುತ್ತವೆ, ಗಿರಾಕಿಗೆ ಮೊದಲೇ ಹೇಳಿ. ಯಾವ ಡಿಡಿಎಫ್, ಯಾವ ಪೋರ್ಟ್, ಎಷ್ಟು ಹೊತ್ತಿಗೆ ಹಾಕಿದ್ರಿ ಅಂತ ಲಾಗ್ ಪುಸ್ತಕದಲ್ಲಿ ಬರೆಯಿರಿ. ತೆಗೆದದ್ದನ್ನೂ ಬರೆಯಿರಿ.